ಹೆಸರೂ ವಿಂಗಡಣೆಯೂ: ಆರ್ ಭಾಷೆಯ ಒಂದು ರೂಢಿಯ ವಿಮರ್ಶೆ

ಶಾಸನಗಳ ವಿವರಗಳನ್ನು ಕೋಷ್ಟಕವಾಗಿಸಿ ಗಣಕಯಂತ್ರದ ನೆರವಿನಿಂದ ಪರಿಶೀಲಿಸುವವರಿಗೆ ಆರ್ ಎಂಬ ಭಾಷೆ ಬಹಳ ಅನುಕೂಲವಾದುದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ವಿದ್ವಾಂಸರು ಇದನ್ನು ರೂಪಿಸಿದರು, ಇದರ 1.0.0 ಆವೃತ್ತಿ 2000ದಲ್ಲಿ ಹೊರಬಂದಿತು. ಈ ಭಾಷೆಯ ಹಿರಿಮೆಯನ್ನು ಒಪ್ಪಿಕೊಂಡೇ, ಹೊಸದಾಗಿ ಕಲಿಯುವವರಲ್ಲಿ ಬೇರೂರುವ ಒಂದು ರೂಢಿಯನ್ನು ಇಲ್ಲಿ ವಿಮರ್ಶಿಸಲಾಗಿದೆ.

ಶಾಸನಗಳ ಕೋಷ್ಟಕವೊಂದನ್ನು ಶತಮಾನವಾರು ವಿಂಗಡಿಸಬೇಕಾಗಿದೆಯೆನ್ನೋಣ. ಪೇಸ್ಟ್ ಎಂಬ ಆಜ್ಞೆಯಿಂದ 'ಶತಮಾನ_10', 'ಶತಮಾನ_11' ಎಂದು ಹೆಸರುಗಳನ್ನು ಹೊಸೆದು, ಅಸೈನ್ ಎಂಬ ಆಜ್ಞೆಯಿಂದ ಒಂದೊಂದು ಹೆಸರಿಗೂ ಒಂದೊಂದು ಪ್ರತ್ಯೇಕ ಕೋಷ್ಟಕವನ್ನು ಸೃಷ್ಟಿಸುವುದೇ ಆ ರೂಢಿ. ನೋಟಕ್ಕೆ ಇದು ಸುಲಭ. ಆದರೆ ವಿಂಗಡಣೆಯ ಆಧಾರವನ್ನು ಇಲ್ಲಿ ಹೆಸರೇ ಹೊರಬೇಕಾಗುತ್ತದೆ; ಕೋಷ್ಟಕಗಳು ಪರಸ್ಪರ ಸಂಬಂಧವಿಲ್ಲದೆ ಚದುರಿಹೋಗುತ್ತವೆ. ಅವುಗಳನ್ನು ಒಟ್ಟಿಗೆ ಎಣಿಸಲು ಪ್ರತಿಯೊಂದು ಹೆಸರನ್ನೂ ಮತ್ತೆ ಹೊಸೆದು ಗೆಟ್ ಆಜ್ಞೆಯಿಂದ ಕರೆಯಬೇಕು. ಅದೇ ಹೆಸರಿನ ಕೋಷ್ಟಕ ಅಲ್ಲಿ ಮೊದಲೇ ಇದ್ದಿತಾದರೆ, ಎಚ್ಚರಿಕೆಯ ಮಾತೊಂದೂ ಇಲ್ಲದೆ ಅದು ಅಳಿಸಿಹೋಗುತ್ತದೆ.

ಹೆಸರಿಗೆ ಹೊರೆ ಹೊರಿಸುವ ಈ ತೊಡಕು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕವನ್ನು ಜಿಲ್ಲಾವಾರು ಸಂಪುಟಗಳಾಗಿ ಯೋಜಿಸಿ, ಶಾಸನಗಳಿಗೆ ತಾಲ್ಲೂಕಿನ ಹೆಸರಿನೊಡನೆ ಸಂಖ್ಯೆಯನ್ನು ಕೊಟ್ಟರು. ಕೋಲಾರದ ಸಂಪುಟದಲ್ಲಿರುವ ಚಿಕ್ಕಬಳ್ಳಾಪುರವು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ಗುರುತು ಉಲ್ಲೇಖಕ್ಕೆ ಸಾಕು. ಸ್ಥಳದ ವಿವರವನ್ನು ಕೋಷ್ಟಕದಲ್ಲಿ ಬೇರೆಯಾಗಿಯೇ ಬರೆಯಬೇಕು.

ಸ್ಪ್ಲಿಟ್ ಎಂಬ ಆಜ್ಞೆಯ ಮಾರ್ಗ ಇದಕ್ಕಿಂತ ಮೇಲು. ಅದು ಕೋಷ್ಟಕವನ್ನು ಒಡೆದರೂ ಭಾಗಗಳೆಲ್ಲವನ್ನೂ ಒಂದೇ ಪಟ್ಟಿಯೊಳಗೆ ಇರಿಸುತ್ತದೆ. ಎಲ್‌ಅಪ್ಲೈ ಎಂಬ ಒಂದೇ ಆಜ್ಞೆಯಿಂದ ಎಲ್ಲ ಭಾಗಗಳ ಲೆಕ್ಕವನ್ನೂ ಮಾಡಬಹುದು. ಒಡೆಯುವುದು, ಅನ್ವಯಿಸುವುದು, ಕೂಡಿಸುವುದು ಎಂದು ಹ್ಯಾಡ್ಲಿ ವಿಕ್‌ಹ್ಯಾಮ್ 2011ರ ತಮ್ಮ ಲೇಖನದಲ್ಲಿ ನಿರೂಪಿಸಿದ ಕ್ರಮವೂ ಇದೇ.

ಆದರೂ ಸ್ಪ್ಲಿಟ್ ಸಂಪೂರ್ಣ ನಿರ್ದೋಷವಲ್ಲ. ಶತಮಾನದ ಕಾಲಂನಲ್ಲಿ ಎನ್‌ಎ, ಎಂದರೆ ಮೌಲ್ಯ ತಿಳಿಯದೆಂಬ ಗುರುತು, ಇರುವ ಸಾಲುಗಳನ್ನು ಅದು ಸದ್ದಿಲ್ಲದೆ ಕೈಬಿಡುತ್ತದೆ. 100 ಶಾಸನಗಳಲ್ಲಿ 20ರ ಕಾಲ ತಿಳಿಯದು, 40 ಹನ್ನೆರಡನೆಯ ಶತಮಾನದವು ಎಂದು ಭಾವಿಸೋಣ. ವಿಂಗಡಣೆಯ ತರುವಾಯ ಆ 40ರ ಪ್ರಮಾಣ ಶೇಕಡ 50 ಎಂದು ತೋರುತ್ತದೆ. ದೋಷ ಕೇವಲ ಅಂಕಿಯದಲ್ಲ. ತೇದಿಯುಳ್ಳ ದಾನಶಾಸನ ಲೆಕ್ಕದಲ್ಲಿ ಉಳಿಯುತ್ತದೆ. ತೇದಿಯಿಲ್ಲದ ವೀರಗಲ್ಲೂ ಒಡೆದ ಕಲ್ಲಿನ ತ್ರುಟಿತ ಶಾಸನವೂ ಮರೆಯಾಗುತ್ತವೆ. ಬರೆಯಿಸಿದವರ ಇತಿಹಾಸ ಉಬ್ಬಿ, ಊರಿಗಾಗಿ ಮಡಿದವರ ಇತಿಹಾಸ ಕುಗ್ಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಆ ಸಾಲುಗಳಿಗೆ 'ಕಾಲ ಅನಿಶ್ಚಿತ' ಎಂಬ ಹೆಸರನ್ನು ಮೊದಲೇ ಕೊಟ್ಟರೆ ಅವೂ ಒಂದು ಭಾಗವಾಗಿ ಉಳಿಯುತ್ತವೆ. ಭಾಗಗಳ ಸಾಲುಗಳ ಮೊತ್ತ ಮೂಲ ಕೋಷ್ಟಕದ ಸಾಲುಗಳಿಗೆ ಸಮನಾಗಿದೆಯೇ ಎಂದು ಪರೀಕ್ಷಿಸದೆ ಶತಮಾನವಾರು ತೀರ್ಮಾನಗಳನ್ನು ಪ್ರಕಟಿಸತಕ್ಕದ್ದಲ್ಲ.