ಸೋಮುವಿನ ಸಂಶಯ

ಪುಟ್ಟಣ್ಣ ಕಣಗಾಲರ ಕಪ್ಪು-ಬಿಳುಪಿನ ‘ಗೆಜ್ಜೆಪೂಜೆ’ (1969) ನೋಡಿದವರು ಅದರ ದುರಂತವನ್ನು ಸಾಮಾನ್ಯವಾಗಿ ತಪ್ಪು ತಿಳಿವಳಿಕೆಯ ಲೆಕ್ಕಕ್ಕೆ ಹಾಕುತ್ತಾರೆ. ಗಣಿಕೆಯರ ಮನೆಯಲ್ಲಿ ಬೆಳೆದ ಚಂದ್ರಾ (ಕಲ್ಪನಾ), ಅವಳನ್ನು ಮೆಚ್ಚಿ ಮದುವೆಗೆ ಮುಂದಾದ ಸೋಮು (ಗಂಗಾಧರ್). ಹಿರಿಯ ಗಂಡಸೊಬ್ಬನ ಜೊತೆ ಅವಳನ್ನು ಕಂಡು ಸೋಮು ಸಂಶಯಪಡುತ್ತಾನೆ. ಆ ಗಂಡಸು ಅವಳ ಹೆತ್ತ ತಂದೆ. ಮದುವೆ ಮುರಿಯುತ್ತದೆ. ಚಂದ್ರಾ ಗೆಜ್ಜೆಪೂಜೆಗೆ ತಲೆಬಾಗಿ, ಕೊನೆಗೆ ಸಾವನ್ನು ಆರಿಸಿಕೊಳ್ಳುತ್ತಾಳೆ. ಅವನಿಗೆ ನಿಜ ತಿಳಿದಿದ್ದರೆ ಎಂದು ನಾವು ಮರುಗುತ್ತೇವೆ.

ನನಗೆ ಈ ಮರುಕದ ಮೇಲೆ ನಂಬಿಕೆಯಿಲ್ಲ. ಬೇರೆ ಮನೆಯ ಹುಡುಗಿಯಾಗಿದ್ದರೆ ಸೋಮು ‘ಮಾವನೋ ಚಿಕ್ಕಪ್ಪನೋ ಇರಬೇಕು’ ಅಂದುಕೊಳ್ಳುತ್ತಿದ್ದ. ಚಂದ್ರಾಳ ವಿಷಯದಲ್ಲಿ ಕಣ್ಣು ಕಾಣುವ ಮೊದಲೇ ಅವಳ ಮನೆ ಸಾಕ್ಷಿ ಹೇಳಿಬಿಟ್ಟಿತ್ತು. ಮರ್ಯಾದೆಯ ಮದುವೆಗೆ ಬೇಕಾದದ್ದು ಅಪ್ಪನ ಹೆಸರು. ಆ ಅಪ್ಪ ಸಿಕ್ಕದ್ದೇ ಮದುವೆ ಮುರಿಯಲು ಕಾರಣವಾಗುತ್ತದೆ. ಎಂ.ಕೆ. ಇಂದಿರಾ ಅವರ ಕತೆಯ ನಿಜವಾದ ಕ್ರೌರ್ಯ ಇಲ್ಲಿದೆ.

ಚಿತ್ರದೊಂದಿಗೆ ನನ್ನ ಜಗಳವೂ ಇಲ್ಲಿಂದಲೇ. ಆತ ತಂದೆ ಎಂಬುದು ನಮಗೆ ಗೊತ್ತು, ಸೋಮುವಿಗೆ ಗೊತ್ತಿಲ್ಲ. ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರಕಥೆಯ ಜಾಣ್ಮೆ ಇದು. ಆದರೆ ಚಂದ್ರಾ ‘ಶುದ್ಧ’ಳೆಂಬ ಖಾತರಿ ಸಿಕ್ಕ ಮೇಲಷ್ಟೇ ನಾವು ಅಳುತ್ತೇವಲ್ಲ? ಆತ ನಿಜಕ್ಕೂ ಗಿರಾಕಿಯೇ ಆಗಿದ್ದರೆ ನಮ್ಮ ಕಣ್ಣೀರು ಯಾರ ಪಾಲಿಗೆ ಹೋಗುತ್ತಿತ್ತು? ಕಲ್ಪನಾ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾರೆಂದರೆ ಈ ಪ್ರಶ್ನೆ ಏಳುವುದೇ ತಡವಾಗಿ.

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಕೂತು ನೋಡುವಾಗ ಇನ್ನೊಂದು ತೊಡಕು. ಇಲ್ಲಿ ಗೆಜ್ಜೆಪೂಜೆ ಎಂದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ‘ಮುತ್ತು ಕಟ್ಟೂದು’ ಅಂದರೆ ಹುನಗುಂದದಲ್ಲೂ ಬಾದಾಮಿಯಲ್ಲೂ ವಿವರಿಸಬೇಕಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಕೆಂಪು-ಬಿಳಿ ಮಣಿ ಕೊರಳಿಗೆ ಬಿದ್ದವರು ಹೆಚ್ಚಾಗಿ ದಲಿತ ಹೆಣ್ಣುಮಕ್ಕಳು. 1982ರ ಕಾಯ್ದೆ ಅದನ್ನು ಅಪರಾಧವೆಂದಿತು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಎದುರಾಗುವ ‘ತಂದೆಯ ಹೆಸರು’ ಎಂಬ ಖಾನೆ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ.

ಸೋಮುವಿಗೆ ಸಂಶಯಪಡುವಷ್ಟಾದರೂ ಸಲುಗೆ ಇತ್ತು. ಚಂದ್ರಾಳ ಮನೆಗೆ ಅವನು ಹೋಗಿಬರಬಹುದಿತ್ತು, ಮದುವೆಯ ಮಾತು ಆಡಬಹುದಿತ್ತು. ನಮ್ಮ ಕಡೆ ಸೋಮುವಿನ ಓಣಿಯೇ ಬೇರೆ.