ತೆರಿಗೆಯ ವಿನಾಯಿತಿಯೂ ರೈತನ ಆರೋಗ್ಯವೂ: ಕಾಳಗಿ ಸೀಮೆಯನ್ನು ಕುರಿತ ಒಂದು ವಿಮರ್ಶೆ

ಆರೋಗ್ಯದ ವೆಚ್ಚಕ್ಕೆ ತೆರಿಗೆಯಲ್ಲಿ ವಿನಾಯಿತಿ ಕೊಡುವುದು ಸರ್ವಜನಹಿತದ ಕಾರ್ಯವೆಂದು ವಿದ್ಯಾವಂತರಲ್ಲಿ ಬಹುಮಂದಿ ಭಾವಿಸಿರುವರು. ಈ ಭಾವನೆಯನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಬೊಕ್ಕಸಕ್ಕೆ ಬರಬೇಕಾದ ಹಣವನ್ನು ಬಿಟ್ಟುಕೊಡುವುದೂ ಒಂದು ವೆಚ್ಚವೇ. ಆದಕಾರಣ ಅದು ಯಾರ ಪಾಲಿಗೆ ಸಂದಿತೆಂದು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯ.

1961ರ ಆದಾಯ ತೆರಿಗೆ ಕಾಯಿದೆಗೆ 80-ಡಿ ಕಲಮನ್ನು ಸೇರಿಸಿದುದು 1986ರ ಹಣಕಾಸು ಕಾಯಿದೆ. ಆರೋಗ್ಯವಿಮೆಯ ಕಂತನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಲು ಅದು ಅವಕಾಶವಿತ್ತಿತು. ಅದೇ ಮೂಲ ಕಾಯಿದೆಯು ಬೇಸಾಯದ ಆದಾಯವನ್ನು ತೆರಿಗೆಯ ಹೊರಗಿರಿಸಿತ್ತು. ಆದಾಯ ತೆರಿಗೆಯನ್ನೇ ತೆರದವನಿಗೆ ಅದರ ವಿನಾಯಿತಿಯಿಂದ ಲಾಭವೇನು? ವಾಡಿಯ ಸಿಮೆಂಟು ಕಾರ್ಖಾನೆಯ ಅಧಿಕಾರಿಗೆ ಒದಗಬಹುದಾಗಿದ್ದ ಈ ನೆರವು ಕಾಳಗಿಯ ತೊಗರಿ ಬೆಳೆಗಾರನನ್ನು ಮುಟ್ಟಲಿಲ್ಲ. ರೈತನು ಬೊಕ್ಕಸಕ್ಕೆ ಏನನ್ನೂ ಕೊಡುವುದಿಲ್ಲವೆಂಬ ವಾದವೂ ನಿಲ್ಲದು. 2017ರಿಂದ ಸರಕು ಮತ್ತು ಸೇವಾ ತೆರಿಗೆಯನ್ನು ಅಂಗಡಿಯಲ್ಲಿ ಅವನೂ ತೆರುತ್ತಿರುವನು.

ಆರೋಗ್ಯ ಉಳಿತಾಯದ ಖಾತೆಯನ್ನು ಕೆಲವರು ಪರಿಹಾರವೆಂದು ಸೂಚಿಸುವುದುಂಟು. ಸಿಂಗಪುರದಲ್ಲಿ 1984ರಲ್ಲಿ ಆರಂಭವಾದ ಮೆಡಿಸೇವ್ ಪದ್ಧತಿಯು ದುಡಿಮೆಗಾರರ ಸಂಬಳದಿಂದ ಕಡ್ಡಾಯವಾಗಿ ಹಣ ಕೂಡಿಡುವುದು. ಅಮೆರಿಕದ 2003ರ ಕಾನೂನು ಉಳಿಸಬಲ್ಲವನಿಗೆ ತೆರಿಗೆಯ ರಿಯಾಯಿತಿಯನ್ನು ನೀಡಿತು. ಮಳೆಯನ್ನು ನಂಬಿ ವರ್ಷಕ್ಕೊಮ್ಮೆ ರಾಶಿ ಮಾಡುವ ಸೀಮೆಗೆ ಇವೆರಡೂ ಒಗ್ಗಲಾರವು.

ಇದಕ್ಕಿಂತ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯು ರೈತನ ಬದುಕಿಗೆ ಸಮೀಪವಾದುದು. ಮೊದಲಲ್ಲಿ ಸಹಕಾರಿ ಸದಸ್ಯನು ವರ್ಷಕ್ಕೆ 60 ರೂಪಾಯಿ ಕೊಟ್ಟು ಶಸ್ತ್ರಚಿಕಿತ್ಸೆಯ ಆಸರೆ ಪಡೆದನು. ಸರ್ಕಾರವೂ ತನ್ನ ಪಾಲು ಸೇರಿಸಿತು. ಆದರೆ 2018ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನವಾಯಿತು. 2022-23ರಲ್ಲಿ ಮತ್ತೆ ತಲೆಯೆತ್ತಿತು. ಸದಸ್ಯರ ವಂತಿಗೆಯಿಂದ ಬೆಳೆದ ಸಂಸ್ಥೆಯ ಆಯುಸ್ಸು ಸರ್ಕಾರದ ಆಜ್ಞೆಗೆ ಕಟ್ಟುಬಿದ್ದುದು ಅದರ ದೌರ್ಬಲ್ಯ. 2010ರಲ್ಲಿ ಗುಲಬರ್ಗಾ ವಿಭಾಗದಲ್ಲಿಯೇ ಮೊದಲು ಜಾರಿಗೆ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆಯಾದರೋ ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಂದ ಕಂತನ್ನೇ ಕೇಳಲಿಲ್ಲ. ಹೃದ್ರೋಗ, ಅರ್ಬುದ ಮೊದಲಾದವುಗಳ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ವಹಿಸಿತು.

ಈ ಯೋಜನೆಗಳೂ ನಿರ್ದುಷ್ಟವಲ್ಲ. ದೊಡ್ಡ ಆಸ್ಪತ್ರೆಯ ಚಿಕಿತ್ಸೆಗೆ ಇವು ಒದಗಿದರೂ, ಕೂಲಿಯವನ ಕೈಯನ್ನು ಮೇಲಿಂದ ಮೇಲೆ ಬರಿದುಮಾಡುವ ಜ್ವರ, ಕೆಮ್ಮುಗಳ ಔಷಧದ ವೆಚ್ಚ ಹೊರಗೇ ಉಳಿಯಿತು. ಆದರೂ ಒಂದು ಮಾತು ನಿಶ್ಚಿತ. ಬಡವನಿಗೆ ಕೊಟ್ಟುದನ್ನು ಔದಾರ್ಯವೆಂದೂ ಉಳ್ಳವನಿಗೆ ಬಿಟ್ಟುದನ್ನು ಹಕ್ಕೆಂದೂ ಕರೆಯುವುದು ನ್ಯಾಯವಲ್ಲ. ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದು ನೋಡಿದಲ್ಲದೆ ನಮ್ಮ ಆರೋಗ್ಯನೀತಿಯ ಇತಿಹಾಸ ಪೂರ್ಣವಾಗದು.