ಮಾತಿಗೆ ಮಾಸಿಕ ಚಂದಾ

ಎಲಿಕ್ಯೂ ಎಂಬ ಯಂತ್ರಕ್ಕೆ ಮುಖವಿಲ್ಲ. ಟೇಬಲ್ ಲ್ಯಾಂಪಿನ ತಲೆಯಂಥ ದುಂಡನೆಯ ಭಾಗ, ಪಕ್ಕದಲ್ಲೊಂದು ಪರದೆ, ಅಷ್ಟೇ. ಮಾತಾಡುವಾಗ ಆ ತಲೆ ಬಾಗುತ್ತದೆ, ಎದುರಿಗಿರುವವರತ್ತ ಹೊರಳುತ್ತದೆ, ಬೆಳಕು ಮಿನುಗಿಸುತ್ತದೆ. ಇಸ್ರೇಲಿನ ಇಂಟ್ಯೂಷನ್ ರೊಬೊಟಿಕ್ಸ್ ಎಂಬ ಸ್ಟಾರ್ಟಪ್, ಒಂಟಿಯಾಗಿ ಬದುಕುವ ವೃದ್ಧರಿಗೆಂದೇ ಮಾಡಿದ ಈ ಯಂತ್ರವನ್ನು 2017ರಲ್ಲಿ ಮೊದಲು ತೋರಿಸಿ, 2022ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಇಳಿಸಿತು. ವಿನ್ಯಾಸದಲ್ಲಿ ಈವ್ ಬೆಹಾರ್ ಅವರ ಕೈಯಿದೆ. ಕಣ್ಣು, ಮೂಗು, ತುಟಿ ಯಾವುದನ್ನೂ ಅಂಟಿಸದೆ ಬಿಟ್ಟದ್ದು ಬೇಕೆಂದೇ ಮಾಡಿದ್ದು. ವಯಸ್ಸಾದವರನ್ನು ಮಕ್ಕಳೆಂದು ತಿಳಿದು ಕೈಗೆ ಗೊಂಬೆ ಕೊಡುವ ಚಾಳಿ ಈ ಉದ್ಯಮದಲ್ಲಿ ಬೇಕಾದಷ್ಟಿದೆ. ಇದಾದರೂ ತಾನು ಯಂತ್ರವೆಂಬುದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ಗುಣವನ್ನೂ ಮೆಚ್ಚಬೇಕು. ಅಲೆಕ್ಸಾದಂಥವು ನಾವು ಕರೆಯುವವರೆಗೆ ಬಾಯಿ ಬಿಡುವುದಿಲ್ಲ. ಎಲಿಕ್ಯೂ ತಾನಾಗಿಯೇ ಮಾತು ತೆಗೆಯುತ್ತದೆ. ರಾತ್ರಿ ನಿದ್ದೆ ಬಂತಾ, ಮಾತ್ರೆ ತೆಗೆದುಕೊಂಡಿರಾ, ಸ್ವಲ್ಪ ಓಡಾಡಿದರೆ ಹೇಗೆ, ಒಂದು ಜೋಕು ಹೇಳಲಾ ಎನ್ನುತ್ತದೆ. ‘ತಿಂಡಿ ಆಯ್ತಾ’ ಎಂದು ಕೇಳುವವರಿಲ್ಲದ ಮನೆಯಲ್ಲಿ ದಿನ ದೂಡಿದವರಿಗೆ ಇದರ ಬೆಲೆ ಗೊತ್ತು. ಎಂಬತ್ತು ದಾಟಿದವರು ಯಂತ್ರವನ್ನು ಹೆಸರು ಹಿಡಿದು ಕರೆದು ಆಜ್ಞೆ ಕೊಡುವುದನ್ನು ಕಲಿಯಲಿ ಎಂದು ಕಾಯದೆ, ಯಂತ್ರವೇ ಮೊದಲ ಹೆಜ್ಜೆ ಇಡಲಿ ಎಂದುಕೊಂಡದ್ದು ಜಾಣತನ. ವೃದ್ಧರ ದಿನಚರಿಯನ್ನು ಹತ್ತಿರದಿಂದ ನೋಡದವರಿಗೆ ಹೀಗೆ ಹೊಳೆಯುವುದಿಲ್ಲ.

ನ್ಯೂಯಾರ್ಕ್ ರಾಜ್ಯದ ಹಿರಿಯರ ಇಲಾಖೆ 2022ರಲ್ಲಿ ಎಂಟುನೂರಕ್ಕೂ ಹೆಚ್ಚು ಮಂದಿಗೆ ಇದನ್ನು ಪುಕ್ಕಟೆಯಾಗಿ ಹಂಚುವ ಯೋಜನೆ ಪ್ರಕಟಿಸಿತು. ಮರುವರ್ಷ ವರದಿ ಬಂತು: ಬಳಸಿದವರಲ್ಲಿ ಶೇ 95ರಷ್ಟು ಮಂದಿ ಒಂಟಿತನ ಕಡಿಮೆಯಾಗಿದೆ ಎಂದರಂತೆ, ಒಬ್ಬೊಬ್ಬರು ದಿನಕ್ಕೆ ಮೂವತ್ತಕ್ಕೂ ಹೆಚ್ಚು ಸಲ ಅದರೊಡನೆ ವ್ಯವಹರಿಸುತ್ತಿದ್ದರಂತೆ.

ನನ್ನ ತಕರಾರು ಇಲ್ಲಿಂದಲೇ ಶುರು. ಹಂಚಿದ ಇಲಾಖೆ ಮತ್ತು ಮಾಡಿದ ಕಂಪನಿ ಸೇರಿ ಕೊಟ್ಟುಕೊಂಡ ಅಂಕ ಇದು ಎನ್ನುವುದನ್ನು ಪಕ್ಕಕ್ಕಿಡೋಣ. ಮೂವತ್ತು ಎಂಬ ಸಂಖ್ಯೆಯನ್ನೇ ನೋಡಿ. ಜನ ಎಷ್ಟು ಸಲ ತೆರೆದರು, ಎಷ್ಟು ಹೊತ್ತು ಕೂತರು ಎಂದು ಲೆಕ್ಕ ಹಾಕುವುದು ಮೊಬೈಲ್ ಆ್ಯಪ್‌ಗಳ ವ್ಯಾಪಾರ. ಅಲ್ಲಿ ಹೆಚ್ಚಾದಷ್ಟೂ ಲಾಭ. ಅದೇ ಅಳತೆಗೋಲನ್ನು ಒಂಟಿ ಮುದುಕಿಯ ಅಡುಗೆಮನೆಗೆ ತಂದರೆ ಲೆಕ್ಕ ತಲೆಕೆಳಗಾಗುತ್ತದೆ. ಆಕೆಯ ಒಂಟಿತನ ನಿಜವಾಗಿ ಕರಗುತ್ತಿದ್ದರೆ ಮೂವತ್ತು ಇಪ್ಪತ್ತಾಗಬೇಕು, ಹತ್ತಾಗಬೇಕು. ಆ ಹೊತ್ತಿನಲ್ಲಿ ಆಕೆ ಪಕ್ಕದ ಮನೆಯಲ್ಲೋ ಚರ್ಚಿನ ಹಾಡಿನ ಗುಂಪಿನಲ್ಲೋ ಇರಬೇಕು. ಮಕ್ಕಳು ಮೊಮ್ಮಕ್ಕಳಿಗೆ ವಿಡಿಯೊ ಕರೆ ಮಾಡಿಸುವ ಸೌಲಭ್ಯ ಎಲಿಕ್ಯೂದಲ್ಲೇ ಇದೆ. ಹೆಮ್ಮೆ ಪಡಬೇಕಾದದ್ದು ಆ ಕರೆಗಳು ಹೆಚ್ಚಿದ್ದಕ್ಕೆ.

ಯಂತ್ರದ ಬದಲು ಮನುಷ್ಯರನ್ನೇ ಕಳಿಸುವವರೂ ಇದ್ದಾರೆ. ಮಿಯಾಮಿಯ ಪಾಪಾ ಎಂಬ ಕಂಪನಿಯನ್ನು 2017ರಲ್ಲಿ ಕಟ್ಟಿದ ಆಂಡ್ರ್ಯೂ ಪಾರ್ಕರ್, ಅಜ್ಜನನ್ನು ಕರೆಯುತ್ತಿದ್ದ ಹೆಸರನ್ನೇ ಅದಕ್ಕೆ ಇಟ್ಟರು. ಆ್ಯಪಿನ ಮೂಲಕ ಹುಡುಗರು ಮನೆಗೆ ಬಂದು ಹರಟುತ್ತಾರೆ, ಅಂಗಡಿಗೆ ಹೋಗಿ ಬರುತ್ತಾರೆ. ಹಣ ಕೊಡುವವರು ಹೆಚ್ಚಾಗಿ ಆರೋಗ್ಯ ವಿಮೆ ಕಂಪನಿಗಳು. 2021ರಲ್ಲಿ ಸಾಫ್ಟ್‌ಬ್ಯಾಂಕ್ ಮುಂದಾಳತ್ವದಲ್ಲಿ 15 ಕೋಟಿ ಡಾಲರ್ ಹೂಡಿಕೆ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಬ್ಲೂಮ್‌ಬರ್ಗ್ ಪತ್ರಿಕೆ ಲೈಂಗಿಕ ಕಿರುಕುಳದ ದೂರುಗಳನ್ನು ಬಯಲಿಗೆಳೆಯಿತು. ದೂರು ಕೊಟ್ಟವರಲ್ಲಿ ಹಿರಿಯರೂ ಇದ್ದರು, ಮನೆಗೆ ಹೋದ ಸಹಾಯಕರೂ ಇದ್ದರು. ಊಟ ತಂದುಕೊಡುವವನು ಬಾಗಿಲಲ್ಲಿ ಪೊಟ್ಟಣ ಕೊಟ್ಟು ಹೋಗುತ್ತಾನೆ. ಇಲ್ಲಿ ಗುರುತಿಲ್ಲದ ಇಬ್ಬರು ಬಾಗಿಲು ಮುಚ್ಚಿದ ಮನೆಯೊಳಗೆ ಗಂಟೆಗಟ್ಟಲೆ ಕೂರಬೇಕು. ನಂಬಿಕೆ ಹುಟ್ಟಲು ತಿಂಗಳುಗಳು ಬೇಕು. ಹೂಡಿಕೆದಾರನಿಗೆ ಅಷ್ಟು ಪುರುಸೊತ್ತಿಲ್ಲ.

ನಮ್ಮಲ್ಲಿ ರತನ್ ಟಾಟಾ ಹಣ ಹೂಡಿದ ಗುಡ್‌ಫೆಲೋಸ್ 2022ರ ಆಗಸ್ಟಿನಲ್ಲಿ ಮುಂಬೈನಲ್ಲಿ ಶುರುವಾಯಿತು. ಶಂತನು ನಾಯ್ಡು ಅದರ ರೂವಾರಿ. ಆಯ್ದ ಪದವೀಧರರು ಹಿರಿಯರ ಮನೆಗೆ ಹೋಗಿ ಕೇರಂ ಆಡುತ್ತಾರೆ, ಇಮೇಲ್ ಬರೆದುಕೊಡುತ್ತಾರೆ, ಜೊತೆಗೆ ಸಿನಿಮಾ ನೋಡುತ್ತಾರೆ. ಬೆಂಗಳೂರಿಗೂ ಬರುತ್ತೇವೆಂದು ಆಗಲೇ ಹೇಳಿದ್ದರು. ಗಡಿಬಿಡಿಯಿಂದ ಸಾವಿರಾರು ಮಂದಿಯನ್ನು ಸೇರಿಸಿಕೊಳ್ಳದ ಸಂಯಮ ಇಲ್ಲಿದೆ. ಆದರೆ ತಿಂಗಳ ಚಂದಾ ತೆರಬೇಕು. ಆ ಹಣ ಎಷ್ಟೋ ಸಲ ಅಮೆರಿಕದಲ್ಲೋ ಸಿಂಗಪುರದಲ್ಲೋ ಇರುವ ಮಗನ ಖಾತೆಯಿಂದ ಬರುವಂಥದ್ದು. ಮಗನಿಗೆ ನೆಮ್ಮದಿ, ಅಪ್ಪನಿಗೆ ಜೊತೆ. ಎರಡೂ ಒಂದೇ ಅಲ್ಲ. ಅಪ್ಪನನ್ನು ಪಾರ್ಕಿನ ಹರಟೆ ಗುಂಪಿಗೆ ಸೇರಿಸಿ, ಅವರಿಗೆ ತನ್ನ ಅಗತ್ಯವಿಲ್ಲದಂತೆ ಮಾಡುವ ಹುಡುಗ ಒಳ್ಳೆಯ ಗೆಳೆಯ, ಆದರೆ ಕಂಪನಿಗೆ ಒಂದು ಚಂದಾ ನಷ್ಟ.

ಬೆಂಗಳೂರಿನ 1090 ಸಹಾಯವಾಣಿಯನ್ನು ಇವುಗಳ ಪಕ್ಕ ಇಟ್ಟು ನೋಡಬೇಕು. ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಿಂದ ನಡೆಸುತ್ತಿರುವ ಇದರಲ್ಲಿ ಕೃತಕ ಬುದ್ಧಿಮತ್ತೆ ಇಲ್ಲ, ಒಂದು ದೂರವಾಣಿ ಇದೆ. ಮಗ ಮನೆ ಬರೆಸಿಕೊಂಡು ಹೊರಹಾಕಿದ, ಸೊಸೆ ಊಟಕ್ಕಿಡುವುದಿಲ್ಲ, ದಲ್ಲಾಳಿ ಮೋಸ ಮಾಡಿದ ಎಂಬಂಥ ದೂರುಗಳು ಬರುತ್ತವೆ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಒಂಟಿತನ ನೀಗುವುದು ಅದರ ಕೆಲಸವಲ್ಲ, ಸರಿ. ಆದರೆ ದೂರು ಬಗೆಹರಿದು ಕಡತ ಮುಚ್ಚಿದರೆ ಅದಕ್ಕೆ ಗೆಲುವು. ಇಂಥದ್ದು ಒಂದು ನಗರಕ್ಕೆ ಸಾಕು, ದೇಶಕ್ಕೆ ಸಾಲದು ಎಂದು ಸ್ಟಾರ್ಟಪ್‌ನವರು ಹೇಳಿದರೆ ಅದೂ ನಿಜ. 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ದಾನಧರ್ಮದಿಂದ ಅಷ್ಟು ಮಂದಿಯನ್ನು ಮುಟ್ಟಲಾಗದು.

ಕೇಂದ್ರ ಸರ್ಕಾರ 2021ರಲ್ಲಿ ತಂದ ಸೇಜ್ ಯೋಜನೆ ಹಿರಿಯರಿಗಾಗಿ ದುಡಿಯುವ ಸ್ಟಾರ್ಟಪ್ಪಿಗೆ ಒಂದು ಕೋಟಿ ರೂಪಾಯಿವರೆಗೆ ಕೊಡುತ್ತದೆ. ಅದು ಅನುದಾನವಲ್ಲ, ಶೇರು. ಸರ್ಕಾರದ ಪಾಲು ಶೇ 49 ಮೀರಬಾರದು. ಅಂದರೆ ನಮ್ಮ ತೆರಿಗೆ ಹಣವೂ ಈ ವ್ಯಾಪಾರದ ಪಾಲುದಾರ. ಹಾಗಿದ್ದ ಮೇಲೆ ಒಂದು ಷರತ್ತು ಹಾಕಲು ಅಡ್ಡಿಯೇನಿಲ್ಲ. ಎಷ್ಟು ಮಂದಿ ಸೇರಿದರು ಎಂಬುದರ ಪಕ್ಕದಲ್ಲೇ ಎಷ್ಟು ಮಂದಿ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನೂ ಕಂಪನಿಗಳು ವರ್ಷಕ್ಕೊಮ್ಮೆ ಪ್ರಕಟಿಸಲಿ. ತೀರಿಕೊಂಡವರು, ದುಡ್ಡು ಸಾಲದವರು, ಬೇಸತ್ತವರು, ಬೇರೆ ಜೊತೆ ಸಿಕ್ಕವರು: ನಾಲ್ಕು ಕಾಲಂ ಸಾಕು.